ಪಾಠಕ್ಕೆ ಒಯ್ದ ಕೇಸು

ಮೂರನೆಯ ಶನಿವಾರದ ಪಾಠಕ್ಕೆ ನಾನು ನನ್ನ ಕೈಯಲ್ಲೇ ನಡೆಯುತ್ತಿದ್ದ ಒಂದು ಕೇಸಿನ ಕಥೆಯನ್ನು ಒಯ್ದೆ. ಹೆಸರುಗಳನ್ನು ಬದಲಾಯಿಸಿದ್ದೆ. ಊರಿನ ಹೆಸರು ಹೇಳಲೇ ಇಲ್ಲ. ಕೇಸು ಇದ್ದದ್ದು ಸಿರಾ ಕೋರ್ಟಿನಲ್ಲಿ. ಪಾಠ ಮಾಡುತ್ತಿದ್ದದ್ದು ಮಧುಗಿರಿ ದಾಟಿ ಪಾವಗಡದ ರಸ್ತೆಯಲ್ಲಿ ಇನ್ನೊಂದು ಗಂಟೆ ಹೋದರೆ ಸಿಗುವ ಹೈಸ್ಕೂಲಿನಲ್ಲಿ. ಬಸ್ಸು ಬದಲಾಯಿಸಿ ಹೋಗುವ ದೂರ. ಅಷ್ಟು ದೂರ ಸಾಕು ಅಂದುಕೊಂಡಿದ್ದೆ.

ಆ ವರ್ಷ ಕಾನೂನು ನೆರವಿನವರು ಒಂಬತ್ತನೇ ತರಗತಿಯ ಮಕ್ಕಳಿಗೆ ಎಂಟು ಶನಿವಾರ ಕಾನೂನಿನ ಪಾಠ ಅಂತ ಗೊತ್ತುಮಾಡಿದ್ದರು. ಕೋರ್ಟು ಅಂದರೇನು, ಪೊಲೀಸರು ಏನು ಮಾಡಬಹುದು, ಏನು ಮಾಡಬಾರದು, ಸಾಕ್ಷಿ ಅಂದರೆ ಯಾರು, ಇಷ್ಟು. ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡದ ಕಿರಿಯ ವಕೀಲರನ್ನು ಅದಲುಬದಲು ಮಾಡಿ ಶಾಲೆಗಳಿಗೆ ಹಾಕಿದ್ದರು. ಗೊತ್ತಿದ್ದ ಊರಿಗೆ ಹೋದರೆ ಪಾಠಕ್ಕಿಂತ ನೆಂಟಸ್ತನ ಜಾಸ್ತಿಯಾಗುತ್ತದೆ ಎಂಬ ಲೆಕ್ಕ. ನಾನಾಗಿಯೇ ಕೇಳಿ ಹಾಕಿಸಿಕೊಂಡೆ. ಕೊಳಾಲದ ಹತ್ತಿರದ ನಮ್ಮ ಮನೆಯಲ್ಲಿ ಡಿಗ್ರಿ ಮಾಡಿದವಳು ನಾನೇ ಮೊದಲು. ಕಾನೂನು ಓದಲು ಸೇರುವವರೆಗೂ ಕೋರ್ಟು ಅಂದರೆ ನನಗೆ, ಬಸ್ಸಿನ ಕಿಟಕಿಯಿಂದ ಕಾಣುತ್ತಿದ್ದ, "ಅತ್ಲಾಗೆ ನೋಡ್ಬ್ಯಾಡ ಕಣಮ್ಮ" ಎಂದು ಅಪ್ಪ ಮುಖ ತಿರುಗಿಸುತ್ತಿದ್ದ ಕಟ್ಟಡ. ಈ ಮಕ್ಕಳು ಹಾಗೆ ಮುಖ ತಿರುಗಿಸುವವರಾಗಬಾರದು ಅಂತ ನನಗಿತ್ತು.

ಮೊದಲ ಎರಡು ಶನಿವಾರ ಕೆಟ್ಟದಾಗಿ ಹೋದವು. ಬೋರ್ಡಿನ ಮೇಲೆ ಏಣಿ ಬರೆದು, ಕೆಳಗಿನ ಮೆಟ್ಟಿಲು ತಾಲ್ಲೂಕು ಕೋರ್ಟು, ಮೇಲಿನದು ಸುಪ್ರೀಂ ಕೋರ್ಟು ಎಂದೆ. ಹಿಂದಿನ ಬೆಂಚಿನಿಂದ ಒಬ್ಬ, "ಮಿಸ್, ಇದು ಪರೀಕ್ಷೇಗೆ ಬತ್ತದಾ?" ಅಂದ. ಬರುವುದಿಲ್ಲ ಎಂದ ಕೂಡಲೇ ಪೆನ್ನುಗಳು ಮುಚ್ಚಿಕೊಂಡವು. ಪಾಠ ಮುಗಿದ ಮೇಲೆ ಮುಖ್ಯೋಪಾಧ್ಯಾಯರು ಟೀ ಕೊಡುತ್ತಾ ಹೇಳಿದರು: "ಮೇಡಂ, ಇವು ಬೆಳಗ್ಗೆ ಐದಕ್ಕೇ ಎದ್ದು ದನ ಕುರಿ ನೋಡಿ ಬಂದಿರ್ತವೆ. ಏಣಿ ಬರೆದ್ರೆ ಹತ್ತಲ್ಲ, ಒರಗಿಕೊಂಡು ಮಲಗ್ತವೆ."

ಅವಮಾನವಾಯಿತು. ಅದಕ್ಕೇ ಮೂರನೆಯ ವಾರ ಆ ಕೇಸನ್ನು ಒಯ್ದದ್ದು.

ಕೇಸು ಇಷ್ಟೇ. ಒಬ್ಬರು ಕುರಿ ಕಾಯುವವರು. ಅವರ ಕುರಿಗಳು ಒಬ್ಬ ರೈತರ ಹೊಲಕ್ಕೆ ನುಗ್ಗಿದವು. ರೈತರು ಕುರಿಯವರ ಕೆನ್ನೆಗೆ ಹೊಡೆದರು. ಕುರಿಯವರು ತಿರುಗಿ ಹೊಡೆಯಲಿಲ್ಲ, ಟೀ ಅಂಗಡಿಯ ಮುಂದೆ ಹತ್ತು ಜನರ ಎದುರು ನಿಂತು, "ನಿನ್ ಬಣವೆಗೆ ಬೆಂಕಿ ಬೀಳ!" ಎಂದು ಶಾಪ ಹಾಕಿದರು. ಮಾರನೆಯ ದಿನ ಸಂಜೆ ಆ ರೈತರ ರಾಗಿ ಹುಲ್ಲಿನ ಬಣವೆ ಪೂರ್ತಿ ಸುಟ್ಟುಹೋಯಿತು. ಬೆಂಕಿ ಇಟ್ಟದ್ದನ್ನು ಯಾರೂ ನೋಡಿರಲಿಲ್ಲ. ಶಾಪ ಹಾಕಿದ್ದನ್ನು ಎಲ್ಲರೂ ಕೇಳಿದ್ದರು. ಕುರಿಯವರ ಮೇಲೆ ಕೇಸಾಯಿತು. ಸಾಬೀತಾದರೆ ಏಳು ವರ್ಷದವರೆಗೂ ಶಿಕ್ಷೆಯಾಗಬಹುದಾದ ಕೇಸು. ವಕೀಲರನ್ನು ಇಡುವ ಶಕ್ತಿ ಅವರಿಗಿಲ್ಲದ್ದರಿಂದ ಕಾನೂನು ನೆರವಿನಲ್ಲಿ ನನ್ನನ್ನು ನೇಮಿಸಿದ್ದರು.

ಅಂದು ಯಾರೂ ಒರಗಲಿಲ್ಲ.

"ಮಿಸ್, ನಮ್ಮಜ್ಜಿ ದಿನಕ್ಕೆ ನಾಕು ಸಲ ಬೆಂಕಿ ಬೀಳ ಅಂತಾಳೆ. ಅಂಗಾರೆ ಅವಳ್ನ ಜೈಲಿಗೆ ಹಾಕ್ತಾರಾ?"

"ನಿಮ್ಮಜ್ಜೀನ ಹಾಕಿದ್ರೆ ಜೈಲಿನೋರೇ ಓಡೋಯ್ತಾರೆ ಕಣ್ಲಾ!"

"ಸುಮ್ನಿರ್ಲೇ. ಶಾಪ ತಟ್ಟಿ ತಾನಾಗೇ ಹತ್ತಿಕೊಂಡಿದ್ರೆ?"

"ಶಾಪಕ್ಕೆ ಬೆಂಕಿಪೊಟ್ಟಣ ಎಲ್ಲೈತಲೇ?"

ನಾನು ನಕ್ಕು, ಅವರು ಅಂದದ್ದನ್ನೇ ಹಿಡಿದುಕೊಂಡು, ಕೇಳಿದ್ದು ಬೇರೆ, ಕಂಡದ್ದು ಬೇರೆ ಎಂದು ಬಿಡಿಸಿ ಹೇಳಿದೆ. ಸಾಕ್ಷಿ ತಾನು ಕಂಡದ್ದನ್ನು ಹೇಳಬೇಕು, ಊರು ಅಂದದ್ದನ್ನಲ್ಲ. ಆರೋಪಿ ತಾನು ತಪ್ಪು ಮಾಡಿಲ್ಲವೆಂದು ಸಾಬೀತು ಮಾಡಬೇಕಾಗಿಲ್ಲ. ಮಾಡಿದ್ದಾನೆ ಎನ್ನುವವರೇ ಸಾಬೀತು ಮಾಡಬೇಕು. ಮೂರನೇ ಬೆಂಚಿನ ಒಬ್ಬ ಹುಡುಗಿ ಮಾತ್ರ ತಲೆ ಎತ್ತಲಿಲ್ಲ. ಹುಷಾರಿಲ್ಲವೇನೋ ಅಂದುಕೊಂಡೆ. ವಾಪಸು ಬಸ್ಸಿನಲ್ಲಿ ನನಗೆ ನನ್ನ ಮೇಲೇ ಹೆಮ್ಮೆ. ನಾನೂ ಪಾಠ ಮಾಡಬಲ್ಲೆ ಎಂಬ ಹೆಮ್ಮೆ.

ನಾಲ್ಕನೆಯ ಶನಿವಾರ ಅದೇ ಕಥೆಯನ್ನು ಅಣಕು ಕೋರ್ಟು ಮಾಡಿಸಿದೆ. ಮೇಷ್ಟರ ಕುರ್ಚಿ ನ್ಯಾಯಾಧೀಶರಿಗೆ, ಅಡ್ಡ ಇಟ್ಟ ಬೆಂಚು ಕಟಕಟೆ. ಹೆಸರು ಕೂಗುವ ಜವಾನನ ಪಾತ್ರಕ್ಕೇ ಜಗಳವಾಯಿತು. ಮೂರನೇ ಬೆಂಚಿನ ಹುಡುಗಿಯನ್ನು ಸಾಕ್ಷಿಯಾಗು ಎಂದರೆ, "ನಂಗೆ ಬ್ಯಾಡ ಮಿಸ್" ಎಂದು ಗೋಡೆಗೆ ಅಂಟಿಕೊಂಡಳು. ಒತ್ತಾಯ ಮಾಡಲಿಲ್ಲ.

ಶಾಲೆ ಬಿಟ್ಟ ಮೇಲೆ ಬಸ್ ನಿಲ್ದಾಣದಲ್ಲಿ ನಿಂತಿದ್ದೆ. ಅವಳು ಒಬ್ಬಳೇ ಬಂದು, ಎರಡು ಮಾರು ದೂರ ನಿಂತು ಕೇಳಿದಳು.

"ಮಿಸ್, ನೋಡಿದೋರು ಸುಮ್ಕಿದ್ರೆ ಅದೂ ಸುಳ್ಳು ಸಾಕ್ಷೀನಾ?"

"ಅಲ್ಲಮ್ಮ. ಯಾಕೆ?"

"ಆ ಕುರಿ ಮಾಮನ ಹೆಸ್ರು ನೀವು ಬ್ಯಾರೆ ಹೇಳಿದ್ರಿ ಅಲ್ವಾ?" ಎಂದವಳು ನನ್ನ ಕಕ್ಷಿದಾರರ ನಿಜವಾದ ಹೆಸರು ಹೇಳಿದಳು. ಆಮೇಲೆ, "ಆ ಬಣವೆ ನಮ್ ದೊಡ್ಡಪ್ಪಂದು ಮಿಸ್" ಅಂದಳು.

ಅಲ್ಲಿಗೇ ನಾನು ಕೈ ಎತ್ತಿ ತಡೆಯಬೇಕಿತ್ತು. ನಿಲ್ಲು, ನಾನು ಅವರ ವಕೀಲೆ, ನನಗೆ ಮುಂದೆ ಏನೂ ಹೇಳಬೇಡ ಎನ್ನಬೇಕಿತ್ತು. ಐದು ವರ್ಷ ವಕೀಲಿಕೆ ಮಾಡಿದವಳಿಗೆ ಅಷ್ಟು ಗೊತ್ತಿರಬೇಕು. ಗೊತ್ತಿತ್ತು ಕೂಡ. ಆದರೂ ಕೇಳಿಸಿಕೊಂಡುಬಿಟ್ಟೆ.

ಅವಳ ಊರು ಸಿರಾ ಕಡೆ. ಹೈಸ್ಕೂಲಿಗೆಂದು ತಾಯಿಯ ತವರಿಗೆ, ಇಲ್ಲಿಯ ಅಜ್ಜಿ ಮನೆಗೆ ಬಂದಿದ್ದಳು. ಎರಡು ವರ್ಷದ ಹಿಂದೆ, ಬಣವೆ ಸುಟ್ಟಾಗ, ಅವಳಿಗೆ ಹನ್ನೆರಡೂ ತುಂಬಿರಲಿಲ್ಲ. ಅವಳೂ ದೊಡ್ಡಪ್ಪನ ಚಿಕ್ಕ ಮಗಳೂ ಸೇರಿ ಕಡಲೆಕಾಯಿ ಕಿತ್ತು ಮುಗಿದ ಹೊಲದಲ್ಲಿ ಹಕ್ಕಲು ಆಯ್ದಿದ್ದರು, ಅಂದರೆ ಮಣ್ಣಲ್ಲಿ ಉಳಿದುಹೋದ ಕಾಯಿಗಳನ್ನು. ನಮ್ಮ ಕಡೆ ಎಲ್ಲ ಮಕ್ಕಳೂ ಆಯುತ್ತಾರೆ, ಅಲ್ಲೇ ಸೊಪ್ಪುಸದೆ ಒಟ್ಟಿ ಸುಟ್ಟು ತಿನ್ನುತ್ತಾರೆ. ನಾನೂ ತಿಂದಿದ್ದೇನೆ.

"ಗಾಳಿ ಆ ಕಡೀಕೆ ಇತ್ತು ಮಿಸ್. ಆಮ್ಯಾಕೆ ಇಂಗೆ ತಿರುಗ್ತು. ಒಂದ್ ಎಲೆ ಹತ್ತಿಕೊಂಡಿದ್ದು ಹಾರಿ ಹೋಯ್ತು. ನಾವು ಓಡೋಗ್ಬುಟ್ವಿ. ಯಾರ್ಗೂ ಹೇಳಿಲ್ಲ."

ಬಸ್ಸು ಬರುತ್ತಿರುವುದು ಕಂಡಿತು. ಆಗ ಹೇಳಿದೆ. "ಪುಟ್ಟ, ನಾನು ಆ ಮಾಮನ ವಕೀಲೆ. ಅವರ ಕೇಸು ನನ್ನ ಹತ್ತಿರವೇ ಇದೆ."

"ನೀವು ಕತೆ ಅಂದ್ರಲ್ಲ ಮಿಸ್" ಅಂದಳು. ಅಷ್ಟು ಹೇಳಿ ಓಡಿದಳು.

ಮುಂದಿನ ವಾರ ನಾನು ಹೇಗೆ ಕಳೆದೆನೋ. ಕೇಸು ಯಾವ ಹಂತದಲ್ಲಿತ್ತೆಂದರೆ, ಸರ್ಕಾರದ ಕಡೆಯ ಸಾಕ್ಷಿಗಳೆಲ್ಲ ಮುಗಿದಿದ್ದವು. ಹನ್ನೊಂದು ದಿನದ ನಂತರದ ತಾರೀಖಿಗೆ ನಾನು "ನಮ್ಮ ಕಡೆ ಸಾಕ್ಷಿ ಇಲ್ಲ" ಎಂದು ಬರೆದುಕೊಟ್ಟರೆ ವಾದ, ಆಮೇಲೆ ತೀರ್ಪು. ಸಾಕ್ಷಿ ಇಲ್ಲ ಎಂದು ಈಗ ಹೇಗೆ ಬರೆಯಲಿ?

ಕಕ್ಷಿದಾರರು ಬುಧವಾರ ಆಫೀಸಿಗೆ ಬಂದರು. ಕಂಬಳಿಯನ್ನು ಬಾಗಿಲಲ್ಲೇ ಇಟ್ಟು ಒಳಗೆ ಬರುವವರು. ಪ್ರತಿ ಸಲ ಹೇಳುವುದನ್ನೇ ಹೇಳಿದರು: "ಮೇಡಮ್ಮೋರೇ, ಬೆಂಕಿ ಬೀಳ ಅಂದಿದ್ದು ನಿಜ. ಇಲ್ಲ ಅನ್ನಲ್ಲ. ಅದು ನಾಲಿಗೆ ತಪ್ಪು. ಕೈ ತಪ್ಪಲ್ಲ." ನಾನು ಮೇಜಿನ ಮೇಲಿನ ಕಾಗದ ಜೋಡಿಸುತ್ತಾ ಕೂತಿದ್ದೆ. ಅವರ ಮುಖ ನೋಡಲಾಗಲಿಲ್ಲ. ಅವರು ನಿರಪರಾಧಿ ಎಂದು ಅಲ್ಲಿಯವರೆಗೆ ನಂಬಿದ್ದೆ. ಈಗ ಗೊತ್ತು. ನಂಬುವುದಕ್ಕಿಂತ ಗೊತ್ತಿರುವುದು ಭಾರ.

ನಮ್ಮ ಸೀನಿಯರಿಗೆ ಎಲ್ಲ ಹೇಳಿದೆ. ಅವರು ಮೊದಲು ಖುಷಿಯಾದರು.

"ಇಂಥ ಸಾಕ್ಷಿ ಹುಡುಕಿದ್ರೂ ಸಿಗಲ್ಲ ಕಣಮ್ಮ. ಸಮನ್ಸ್ ಹಾಕಿಸು, ಕಟಕಟೆ ಹತ್ತಿಸು."

"ಹುಡುಗಿ ಚಿಕ್ಕವಳು ಸರ್. ದೊಡ್ಡಪ್ಪನ ವಿರುದ್ಧ."

"ಅದಿರ್ಲಿ. ಪಾಟೀಸವಾಲಲ್ಲಿ ಏಪಿಪಿ ಕೇಳೋ ಮೊದಲ ಪ್ರಶ್ನೆ ಏನು ಹೇಳು. ಈ ಕೇಸಿನ ವಿಷಯ ಅವಳು ಮಾತಾಡಿದ್ದು ಯಾರ ಹತ್ರ, ಯಾವಾಗ?" ಏಪಿಪಿ ಅಂದರೆ ಆ ಕೋರ್ಟಿನ ಸರ್ಕಾರಿ ವಕೀಲರು.

"ನನ್ನ ಹತ್ತಿರ. ನಾನೇ ಅವಳ ಕ್ಲಾಸಿನಲ್ಲಿ ಈ ಕೇಸನ್ನು ಪಾಠ ಮಾಡಿದ ಮೇಲೆ."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಪಾಠ ಮಾಡಿದ್ಯಾ? ಆರೋಪಿ ವಕೀಲೆ, ಸಾಕ್ಷಿ ಮುಂದೆ, ಬೋರ್ಡ್ ಮೇಲೆ ಬರೆದು? ಹೇಳಿಕೊಟ್ಟ ಸಾಕ್ಷಿ ಅಂತ ಒಂದೇ ಮಾತಿಗೆ ಹೊಡೆದು ಹಾಕ್ತಾರಲ್ಲಮ್ಮ."

ಆ ಮಾತು ನನಗೆ ಆವರೆಗೆ ಹೊಳೆದಿರಲಿಲ್ಲ. ನಿಜ ಬಾಯಿಬಿಟ್ಟ ಒಬ್ಬಳೇ ಒಬ್ಬಳು ಸಾಕ್ಷಿ ಇದ್ದಳು. ಅವಳ ಸಾಕ್ಷಿಯನ್ನು ನಾನೇ ಕೆಡಿಸಿದ್ದೆ. ಅವಳು ನಿಜವನ್ನೇ ಹೇಳಿದರೂ ಅದು ನನ್ನ ಬಾಯಿಂದ ಬಂದದ್ದರ ಹಾಗೆ ಕೇಳಿಸುತ್ತದೆ.

ಫೈಲನ್ನು ಮತ್ತೆ ಮೊದಲಿನಿಂದ ಓದಿದೆ. ದೂರು, ಹೇಳಿಕೆಗಳು, ಸ್ಥಳ ಮಹಜರು. ಮಹಜರು ಅಂದರೆ ಪೊಲೀಸರು ಘಟನೆಯ ಜಾಗ ನೋಡಿ, ಪಂಚರ ಎದುರು ಅಲ್ಲಿ ಕಂಡದ್ದನ್ನೆಲ್ಲ ಬರೆಯುವ ಕಾಗದ. ಹತ್ತು ಸಲ ಓದಿದ್ದೆ. ಎರಡನೇ ಪುಟದಲ್ಲಿ ಬಣವೆಯ ಉದ್ದ ಅಗಲ, ಬೂದಿಯ ಎತ್ತರ, ದಾರಿಯಿಂದ ಎಷ್ಟು ದೂರ ಎಂಬುದರ ನಡುವೆ ಒಂದು ಸಾಲು: "ಸದರಿ ಬಣವೆಯ ಪಶ್ಚಿಮಕ್ಕೆ ಹದಿನೈದು ಅಡಿ ದೂರದಲ್ಲಿ ಸೊಪ್ಪು ಸುಟ್ಟ ಬೂದಿ ಹಾಗೂ ಒಡೆಯದೆ ಇರುವ ಸುಟ್ಟ ಕಡಲೆಕಾಯಿಗಳು ಬಿದ್ದಿರುತ್ತವೆ." ಅಲ್ಲಿದ್ದದ್ದು ಸಿಪ್ಪೆಯಲ್ಲ, ಒಡೆಯದ ಕಾಯಿ. ಸುಟ್ಟವರು ತಿನ್ನದೆ ಹೋಗಿದ್ದರು. ಬರೆದ ಪೊಲೀಸರೂ ಅದನ್ನು ಯೋಚಿಸಿರಲಿಲ್ಲ, ನಾನೂ ಯೋಚಿಸಿರಲಿಲ್ಲ. ಕ್ಲಾಸಿನಲ್ಲಿ ಕಥೆ ಹೇಳುವಾಗ ಆ ಸಾಲನ್ನು ಬಿಟ್ಟಿದ್ದೆ. ಬಿಟ್ಟೆ ಅನ್ನುವುದೂ ತಪ್ಪು. ಅದು ನನ್ನ ಕಣ್ಣಿಗೆ ಬಿದ್ದೇ ಇರಲಿಲ್ಲ.

ಎರಡು ದಿನ ಯೋಚಿಸಿದೆ. ಮೂರನೆಯ ದಿನ ತೀರ್ಮಾನ ಮಾಡಿದೆ: ಈ ಕೇಸಿನಿಂದ ಹೊರಗೆ ಬರಬೇಕು. ಯಾಕೆ ಬಂದೆ ಎಂಬುದನ್ನು ಮುಚ್ಚಿಡದೆ ಬರೆದುಕೊಡಬೇಕು. ನಾನು ಬರೆದುಕೊಟ್ಟರೆ ಮಾತ್ರ ಆ ಹುಡುಗಿಗೆ ಯಾವ ಪಾಠ ಆಗಿತ್ತು, ಯಾವುದು ಆಗಿರಲಿಲ್ಲ ಎಂಬುದು ದಾಖಲೆಯಲ್ಲಿ ಇರುತ್ತದೆ.

ಹೇಳುವುದು ಸುಲಭ. ನಮ್ಮ ಮನೆಯಲ್ಲಿ ಬುದ್ಧನ ಪಟದ ಪಕ್ಕದಲ್ಲಿ ನನ್ನ ವಕೀಲಿಕೆಯ ಸನ್ನದಿಗೆ ಗಾಜು ಹಾಕಿಸಿ ಅಮ್ಮ ತೂಗುಹಾಕಿದ್ದಾಳೆ. ಬಂದವರಿಗೆಲ್ಲ ಮೊದಲು ಅದನ್ನೇ ತೋರಿಸುತ್ತಾಳೆ. ಯಾರಾದರೂ ದೂರು ಕೊಟ್ಟು ಅದಕ್ಕೆ ಕುತ್ತು ಬಂದರೆ? ಅಪ್ಪನ ಬಳಗದಲ್ಲಿ ಇನ್ನೊಬ್ಬ ಹುಡುಗಿಯನ್ನು ಓದಿಸುವ ಮಾತು ಬಂದಾಗ ಜನ ಏನು ಹೇಳುತ್ತಾರೆ? ಓದಿ ಏನ್ ಕಡಿದಳು ಅಂತಾರೆ. ಊಟ ಸೇರಲಿಲ್ಲ. ಅಮ್ಮ ಕೇಳಿದರೆ ಬಿಸಿಲು ಅಂದೆ.

ಶನಿವಾರ ಪಾಠಕ್ಕೆ ರಜೆ ಹೇಳಿ, ಹುಡುಗಿಯ ಅಜ್ಜಿಯ ಮನೆಗೆ ಹೋದೆ. ಮುಖ್ಯೋಪಾಧ್ಯಾಯರು ದಾರಿ ತೋರಿಸಿ ಜೊತೆಗೆ ಬಂದರು. ಒಬ್ಬಳೇ ಹೋಗಿದ್ದರೆ ಅದೂ ತಪ್ಪೇ ಆಗುತ್ತಿತ್ತು. ಅಜ್ಜಿ ಜಗಲಿಯಲ್ಲಿ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ಆ ಕಡೆಯವರ ಹಾಗೆ ತೆಲುಗು ಬೆರೆಸಿ ಮಾತಾಡುವವರು. ಹುಡುಗಿ ಬಾಗಿಲ ಹಿಂದೆ. ಅಜ್ಜಿಗೆ ವಿಷಯ ಆಗಲೇ ಗೊತ್ತಾಗಿತ್ತು. ಹೋದ ಶನಿವಾರದಿಂದ ಹುಡುಗಿ ಸರಿಯಾಗಿ ಉಣ್ಣದ್ದು ನೋಡಿ ಬಾಯಿ ಬಿಡಿಸಿದ್ದರು.

"ಅಯ್ಯೋ ನಾ ತಲ್ಲಿ, ಕೂತ್ಕೋ. ಇದು ಬೀಗರ ಮನೆ ಇಷ್ಯ ಕಣಮ್ಮ. ನನ್ ಮಗಳು ಆ ಮನ್ಯಾಗೆ ಬಾಳ್ವೆ ಮಾಡ್ಬೇಕು. ಮೊಮ್ಮಗಳು ಹೋಗಿ ಕಟಕಟೆ ಹತ್ತಿದ್ರೆ ಬಿಟ್ಟಾರಾ? ಇಸ್ಕೂಲು ಬಿಡಿಸ್ತಾರೆ, ಕರ್ಕೊಂಡೋಗ್ತಾರೆ. ಅತ್ಲಾಗೆ ಆ ಕುರಿಯೋನು ಜೈಲಿಗೋದ್ರೆ ಆ ಪಾಪ ಯಾರಿಗೆ? ನೀನು ಓದಿದೋಳು. ನೀನೇ ಹೇಳು, ಏನ್ ಮಾಡ್ಲಿ?"

"ನಾನು ಹೇಳಬಾರದು ಅಜ್ಜಿ."

"ಏಮಿ? ಮತ್ಯಾಕಮ್ಮ ಇಷ್ಟ್ ದೂರ ಬಂದೆ, ಬಸ್ಸಿನಾಗೆ ಮೈಕೈ ನೋಯಿಸ್ಕೊಂಡು?"

ಅದನ್ನು ಅವರಿಗೆ ಅರ್ಥವಾಗುವಂತೆ ಹೇಳಲು ಬಹಳ ಹೊತ್ತು ಹಿಡಿಯಿತು. ಅರಿಯದ ವಯಸ್ಸಿನ ಮಗು ಆಟದಲ್ಲಿ ಮಾಡಿದ್ದು, ಅದೂ ಗಾಳಿಗೆ ಆದದ್ದು, ಅಪರಾಧ ಆಗುವುದು ಕಷ್ಟ ಎಂದು ನನಗೆ ಗೊತ್ತು. ಅಷ್ಟು ಹೇಳಿದರೆ ಅವರ ಅರ್ಧ ಹೆದರಿಕೆ ಹೋಗುತ್ತದೆ ಅಂತಲೂ ಗೊತ್ತು. ಆದರೆ ಅವರ ಹೆದರಿಕೆ ಹೋದರೆ ಲಾಭವಾಗುವುದು ನನ್ನ ಕಕ್ಷಿದಾರರಿಗೆ. ಅದಕ್ಕೇ ಆ ಮಾತನ್ನು ನನ್ನ ಬಾಯಿಂದ ಅವರು ಕೇಳಬಾರದಿತ್ತು. ನಾಳೆ ಯಾರಾದರೂ "ಆಸೆ ತೋರಿಸಿ ಕರೆತಂದರು" ಎಂದರೆ ಉತ್ತರ ಇರುವುದಿಲ್ಲ.

"ನಾನು ಆ ಕಡೆಯವಳು ಅಜ್ಜಿ. ನಿಮ್ಮ ಮೊಮ್ಮಗಳ ಕಡೆಯಿಂದ ಮಾತ್ರ ಯೋಚನೆ ಮಾಡೋ ವಕೀಲರು ಬೇರೆ ಬೇಕು. ಪಾವಗಡದಲ್ಲಿ ಕಾನೂನು ನೆರವಿನವರು ಇದ್ದಾರೆ, ದುಡ್ಡು ಕೇಳಲ್ಲ. ಹೋಗಿ ಕೇಳಿ. ಆಮೇಲೆ ಹೇಳುವುದೋ ಬಿಡುವುದೋ ನಿಮಗೆ ಬಿಟ್ಟದ್ದು. ನನ್ನ ಕಡೆಯಿಂದ ಯಾರೂ ಸಮನ್ಸ್ ತರುವುದಿಲ್ಲ."

ಅಜ್ಜಿ ಒಂದು ಹುಣಸೆಹಣ್ಣು ಬಿಡಿಸಿ, ಬೀಜ ಪಕ್ಕಕ್ಕೆ ಹಾಕಿ, ಮುಖ್ಯೋಪಾಧ್ಯಾಯರ ಕಡೆ ತಿರುಗಿದರು. "ಈಯಮ್ಮ ಒಳ್ಳೇದು ಹೇಳ್ತಾಳೋ, ತಪ್ಪಿಸ್ಕೊಂತಾಳೋ ಗೊತ್ತಾಗವಲ್ದು ಮೇಷ್ಟ್ರೇ."

ನನಗೂ ಗೊತ್ತಾಗುತ್ತಿರಲಿಲ್ಲ. ಬಾಗಿಲ ಹಿಂದಿನಿಂದ ಹುಡುಗಿ ಹೊರಗೆ ಬರಲೇ ಇಲ್ಲ.

ತಾರೀಖಿಗೆ ಹಿಂದಿನ ದಿನ ಕಕ್ಷಿದಾರರನ್ನು ಕರೆಸಿ ಹೇಳಿದೆ: ನೋಡಿದವರು ಒಬ್ಬರು ಇದ್ದಾರೆ, ಚಿಕ್ಕ ಮಗು, ನನ್ನ ತಪ್ಪಿನಿಂದ ನಾನು ಈ ಕೇಸು ನಡೆಸುವ ಹಾಗಿಲ್ಲ, ಬೇರೆ ವಕೀಲರು ಬರುತ್ತಾರೆ, ಎಲ್ಲವನ್ನೂ ಅವರಿಗೆ ಬರೆದುಕೊಡುತ್ತೇನೆ. ಅವರಿಗೆ ಮೊದಲರ್ಧ ಕೇಳಿಸಲೇ ಇಲ್ಲ. "ನೀವೂ ಕೈ ಬಿಟ್ರಾ ತಾಯಿ?" ಅಂದರು. ಕಂಬಳಿ ಎತ್ತಿಕೊಂಡು ಹೊರಟರು.

ಮಾರನೆಯ ದಿನ ಸಿರಾ ಕೋರ್ಟಿನಲ್ಲಿ ಮೆಮೋ ಕೊಟ್ಟೆ. ಯಾವ ಶನಿವಾರ ಏನು ಪಾಠ ಮಾಡಿದೆ, ಯಾವ ಸಂಗತಿ ಹೇಳಿದೆ, ಯಾವುದು ಹೇಳಲಿಲ್ಲ, ಬಸ್ ನಿಲ್ದಾಣದಲ್ಲಿ ಏನಾಯಿತು, ಎಲ್ಲ ಅದರಲ್ಲಿತ್ತು. ಹುಡುಗಿಯ ಹೆಸರನ್ನು ಬೇರೆ ಲಕೋಟೆಯಲ್ಲಿ ಹಾಕಿ ಅಂಟಿಸಿದ್ದೆ. ನ್ಯಾಯಾಧೀಶರು ಪೂರ್ತಿ ಓದಿದರು. ಇಡೀ ಹಾಲು ನನ್ನನ್ನೇ ನೋಡುತ್ತಿತ್ತು.

"ಪಾಠಕ್ಕೆ ಬೇರೆ ಕೇಸು ಸಿಗಲಿಲ್ಲವೇನ್ರೀ?"

"ತಪ್ಪಾಯಿತು ಸ್ವಾಮಿ."

"ಬರೆದುಕೊಟ್ಟಿದ್ದೀರಿ. ಅದು ತಪ್ಪಲ್ಲ." ಮುಂದಿನ ತಾರೀಖು ಕೊಟ್ಟರು. ನನ್ನ ಜಾಗಕ್ಕೆ ಸಿರಾದ ಒಬ್ಬ ಹಿರಿಯ ವಕೀಲರನ್ನು ನೇಮಿಸಿದರು. ಅವರು ಕಾರಿಡಾರಿನಲ್ಲಿ ಫೈಲು ತೆಗೆದುಕೊಳ್ಳುತ್ತಾ, "ಬೇಟಿ, ಇಪ್ಪತ್ತೈದು ವರ್ಷದಲ್ಲಿ ನಾನು ಇದಕ್ಕಿಂತ ದೊಡ್ಡ ಗಲ್ತಿ ಮಾಡೀನಿ. ಬರೆದು ಕೊಡ್ಲಿಲ್ಲ ಅಷ್ಟೇ" ಅಂದರು. ಮಹಜರಿನ ಎರಡನೇ ಪುಟ ನೋಡಿ ಎಂದೆ. ಆ ವಾರವೇ ಶಾಲೆಯ ಪಾಠಕ್ಕೂ ಬೇರೆಯವರನ್ನು ಹಾಕಿದರು. ಉಳಿದ ಶನಿವಾರಗಳು ನನಗೆ ಸಿಗಲಿಲ್ಲ.

ಮುಂದಿನ ತಾರೀಖಿನ ದಿನ ನನಗೆ ಆ ಕೋರ್ಟಿನಲ್ಲಿ ಯಾವ ಕೆಲಸವೂ ಇರಲಿಲ್ಲ. ಹೋಗಿ ಹಿಂದಿನ ಬೆಂಚಿನಲ್ಲಿ ಕೂತೆ. ಪಾವಗಡದ ವಕೀಲರ ಹತ್ತಿರ ಅಜ್ಜಿ ಹೋದರೋ ಇಲ್ಲವೋ ನಾನು ಕೇಳಿರಲಿಲ್ಲ, ಕೇಳುವ ಹಾಗಿರಲಿಲ್ಲ. ಹುಡುಗಿಯ ದೊಡ್ಡಪ್ಪ ಎದುರು ಸಾಲಿನಲ್ಲಿ, ತೊಡೆಯ ಮೇಲೆ ಟವೆಲ್ಲು ಮಡಿಸಿಕೊಂಡು ಕೂತಿದ್ದರು. ಕುರಿಯವರು ಆರೋಪಿಯ ಜಾಗದಲ್ಲಿ ನಿಂತಿದ್ದರು. ಕೇಸು ಕರೆದಾಗ ಹಿರಿಯ ವಕೀಲರು ಎದ್ದು, "ನಮ್ಮ ಕಡೆ ಒಬ್ಬರು ಸಾಕ್ಷಿ ತಾವಾಗಿಯೇ ಬರುತ್ತೇವೆ ಎಂದಿದ್ದಾರೆ ಸ್ವಾಮಿ" ಅಂದರು.

ಜವಾನ ಬಾಗಿಲಿಗೆ ಹೋಗಿ ಹೆಸರು ಕೂಗಿದ. ಯಾರೂ ಬರಲಿಲ್ಲ. ಎರಡನೇ ಸಲ ಕೂಗಿದ. ಬರದಿದ್ದರೆ ಆ ಮನುಷ್ಯನ ಗತಿ, ಬಂದರೆ ಈ ಮಗುವಿನ ಗತಿ, ಯಾವುದನ್ನು ಬೇಡಿಕೊಳ್ಳಲಿ? ಮೂರನೇ ಸಲ ಬಾಯಿ ತೆಗೆಯುವಷ್ಟರಲ್ಲಿ ಮೆಟ್ಟಿಲಿನಿಂದ ಅಜ್ಜಿಯ ದನಿ: "ಬಂದ್ವಿ ತಡ್ಯಪ್ಪ! ಮೆಟ್ಲು ಹತ್ತೋದಾ ಬ್ಯಾಡ್ವಾ? ಕೂಗ್ತಾನೇ ಅವ್ನೆ."

ಹಾಲಿನಲ್ಲಿ ಕೆಲವರು ನಕ್ಕರು. ದೊಡ್ಡಪ್ಪ ತಿರುಗಿ ನೋಡಿ, ಅರ್ಧ ಎದ್ದು, ಮತ್ತೆ ಕೂತರು.

ಹುಡುಗಿ ಶಾಲೆಯ ಯೂನಿಫಾರ್ಮಿನಲ್ಲಿ ಬಂದಿದ್ದಳು. ಕಟಕಟೆಯ ಕಂಬಿ ಅವಳ ಎದೆಯ ಮಟ್ಟಕ್ಕಿತ್ತು. ನ್ಯಾಯಾಧೀಶರು ಮೊದಲು ತಾವೇ ಕೇಳಿದರು.

"ಯಾವ ಕ್ಲಾಸಮ್ಮ?"

"ಒಂಬತ್ತು."

"ಸುಳ್ಳು ಹೇಳಿದರೆ ಏನಾಗುತ್ತೆ?"

"ಬ್ಯಾರೇರಿಗೆ ಶಿಕ್ಷೆ ಆಗ್ತೈತೆ."

ನ್ಯಾಯಾಧೀಶರು ಪ್ರಮಾಣ ಮಾಡಿಸಿ ಎಂದರು.

ಅವಳು ಹೇಳಿದಳು. ಹಕ್ಕಲು, ಸೊಪ್ಪು, ಗಾಳಿ, ಹಾರಿದ ಎಲೆ. ಆಮೇಲೆ ಏಪಿಪಿ ಎದ್ದರು. ಕೆಟ್ಟ ಮನುಷ್ಯರಲ್ಲ, ತಮ್ಮ ಕೆಲಸ ಮಾಡಿದರು.

"ಇದಕ್ಕೆ ಮುಂಚೆ ಆರೋಪಿಯ ವಕೀಲರಾಗಿದ್ದವರು ನಿಮ್ಮ ಶಾಲೆಯಲ್ಲಿ ಇದೇ ಕೇಸಿನ ಪಾಠ ಮಾಡಿದ್ದರು. ಹೌದಲ್ಲವಾ?"

"ಹೌದು."

"ಅಣಕು ಕೋರ್ಟು ಮಾಡಿಸಿ, ಸಾಕ್ಷಿ ಹೇಗೆ ಹೇಳಬೇಕು ಅಂತಲೂ ಕಲಿಸಿದ್ದರು?"

"ಹೌದು."

"ಅವರು ಹೇಳಿಕೊಟ್ಟ ಕಥೆಯನ್ನೇ ಇಲ್ಲಿ ಬಂದು ಹೇಳುತ್ತಿದ್ದೀಯ?"

ನಾನು ತಲೆ ಬಗ್ಗಿಸಿದೆ. ನನ್ನ ತಪ್ಪು ಇಡಿಯಾಗಿ ಆ ಮೂರು ಪ್ರಶ್ನೆಯಲ್ಲಿತ್ತು. ಅವಳು ಅಳುತ್ತಾಳೆ ಅಂದುಕೊಂಡೆ.

"ಇಲ್ಲ ಸಾರ್. ಮಿಸ್ ಹೇಳಿದ ಕತೇಲಿ ಕಡ್ಲೆಕಾಯೇ ಇರ್ಲಿಲ್ಲ. ಯಾರು ಬೆಂಕಿ ಇಟ್ರು ಅಂತ ಮಿಸ್ಸಿಗೇ ಗೊತ್ತಿರ್ಲಿಲ್ಲ. ಅದು ನಂಗೂ ನಮ್ ದೊಡ್ಡಪ್ಪನ ಮಗಳಿಗೂ ಮಾತ್ರ ಗೊತ್ತಿತ್ತು."

ನ್ಯಾಯಾಧೀಶರು ಕಡತ ತಿರುವಿ ಮಹಜರಿನ ಪುಟ ತೆಗೆದದ್ದು ಹಿಂದಿನ ಬೆಂಚಿಗೂ ಕಂಡಿತು. ಆಮೇಲೆ ನನ್ನ ಮೆಮೋ ತೆಗೆದರು. ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು, ಹುಡುಗಿಯ ಉತ್ತರವನ್ನು ಅವಳ ಮಾತಿನಲ್ಲೇ ಬರೆಸಿಕೊಳ್ಳಿ ಎಂದು ಟೈಪಿಸ್ಟಿಗೆ ಹೇಳಿದರು. ಏಪಿಪಿ ಇನ್ನೊಂದು ಪ್ರಶ್ನೆ ಕೇಳಲಿಲ್ಲ.

ತೀರ್ಪು ಮೂರು ವಾರದ ಮೇಲೆ ಬಂತು. ಬಿಡುಗಡೆ. ಸಂಶಯದ ಲಾಭ ಕೊಟ್ಟು ಬಿಟ್ಟದ್ದಲ್ಲ. ಬೆಂಕಿ ಹತ್ತಿದ್ದು ಆಕಸ್ಮಿಕ, ಆರೋಪಿಗೂ ಅದಕ್ಕೂ ಸಂಬಂಧವಿಲ್ಲ ಎಂದೇ ಬರೆದಿದ್ದರು. ಹುಡುಗಿ ತೀರ್ಪು ಕೇಳಲೇಬೇಕು ಎಂದು ಹಟ ಹಿಡಿದು ಅಜ್ಜಿಯ ಜೊತೆ ಬಂದಿದ್ದಳು. ದೊಡ್ಡಪ್ಪ ಬಂದವರು ಅವಳ ಮುಂದೆಯೇ ಹಾದು, ಮಾತಾಡದೆ ಮೆಟ್ಟಿಲಿಳಿದು ಹೋದರು. ಆವತ್ತಿನಿಂದ ಆ ಮನೆಯವರು ಅಜ್ಜಿಯ ಮನೆಗೆ ಬರುವುದು ನಿಂತಿತ್ತಂತೆ. ಶಾಲೆ ಮಾತ್ರ ಬಿಡಿಸಲಿಲ್ಲ. ಅವಳ ತಾಯಿ ಅಡ್ಡ ನಿಂತಳಂತೆ. ಇದನ್ನೆಲ್ಲ ನಾನು ಬೇರೆಯವರಿಂದ ಕೇಳಿದ್ದು.

ನಾನು ಕಾರಿಡಾರಿನ ಕಂಬದ ಹತ್ತಿರ ನಿಂತಿದ್ದೆ. ಹತ್ತಿರ ಹೋಗಲು ಧೈರ್ಯ ಬರಲಿಲ್ಲ. ಕುರಿಯವರು ಕಂಬಳಿ ಹೆಗಲಿಗೆ ಹಾಕಿಕೊಂಡು ಹೊರಗೆ ಬಂದರು. ಹುಡುಗಿ ಅಜ್ಜಿಯ ಸೆರಗಿನ ಹಿಂದೆ ಸರಿದಳು. ಅವರು ಅವಳ ಮುಂದೆ ನಿಂತು, ಬಹಳ ಹೊತ್ತು ಏನೋ ಹುಡುಕುವವರ ಹಾಗೆ ನೋಡಿ, ಕೇಳಿದರು.

"ಅಲ್ಲ ಕಣಮ್ಮಣ್ಣಿ, ಅಷ್ಟ್ ದೊಡ್ ಬೆಂಕಿ ಹಾಕಿದ್ಯಲ್ಲ, ಕಡ್ಲೆಕಾಯಾದ್ರೂ ಚೆನ್ನಾಗಿ ಬೆಂದಿದ್ವಾ?"

ಹುಡುಗಿ ಸೆರಗು ಬಿಟ್ಟು ಈಚೆ ಬಂದಳು.

"ಒಂದೂ ತಿನ್ನಲಿಲ್ಲ ಮಾಮ."

"ತತ್ ತೇರಿ," ಅಂದರು ಅವರು. "ಇಬ್ಬರಿಗೂ ನಷ್ಟ."